ಹಾಡಿನ ಕೊನೆಯ ‘ಟಕ್’

ಕಳೆದ ವಾರ ಕೊಪ್ಪಳದಲ್ಲಿ ಮಂಜುನಾಥನ ಕ್ಷೌರದಂಗಡಿಯಲ್ಲಿ ಕೂತಿದ್ದೆ. ನನ್ನ ತಲೆಯ ಮೇಲೆ ಈಗ ಅವನಿಗೆ ಹೆಚ್ಚು ಕೆಲಸವಿಲ್ಲ. ಆದರೂ ತುಂಬು ಕೂದಲಿನವರಿಗೆ ತೆಗೆದುಕೊಳ್ಳುವಷ್ಟೇ ಹೊತ್ತು ತೆಗೆದುಕೊಳ್ಳುತ್ತಾನೆ. ಅದು ಅವನು ನನಗೆ ಕೊಡುವ ಮರ್ಯಾದೆ. ಕಿವಿಯ ಹಿಂದೆ ಕತ್ತರಿ ಆಡಿಸುತ್ತಾ ಏನೋ ಗುನುಗುತ್ತಿದ್ದ. ಹಾಡು ಮುಗಿಯಿತು. ಒಂದು ಉಸಿರಿನಷ್ಟು ಸುಮ್ಮನಾದ. ಆಮೇಲೆ ಕತ್ತರಿಯನ್ನು ಗಾಳಿಯಲ್ಲಿ ಒಮ್ಮೆ ಮುಚ್ಚಿದ: ಟಕ್.

ಕನ್ನಡಿಯೊಳಗೆ ಅವನ ಮುಖ ನೋಡಿದೆ. ವಿಶೇಷವೇನೂ ನಡೆದಂತೆ ಅವನಿಗೆ ಅನ್ನಿಸಿರಲಿಲ್ಲ. ಮತ್ತೆ ಕೆಲಸಕ್ಕೆ ತೊಡಗಿದ.

ಆ ಟಕ್ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು. ನಿಮಗೂ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಾಡಿ ಬರಬೇಕಾಗುತ್ತದೆ. ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಬರಬೇಕು ಎಂದು ಸಂಪಾದಕರಿಂದ ವರ್ಷಗಟ್ಟಲೆ ಬೈಸಿಕೊಂಡವನು ನಾನು. ನಿವೃತ್ತಿಯ ಸುಖಗಳಲ್ಲಿ ಒಂದೆಂದರೆ, ಮುಖ್ಯ ವಿಷಯವನ್ನು ನಮಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು.

ತೊಂಬತ್ತರ ದಶಕದ ಕೊನೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಒಂದು ಪತ್ರಿಕೆಗೆ ಇಲ್ಲಿಂದ ವರದಿ ಮಾಡುತ್ತಿದ್ದೆ. ಹೊಸ ಜಿಲ್ಲೆಯಿಂದ ಜನರಿಗೆ ಏನು ಸಿಕ್ಕಿತೋ ನಾನು ಲೆಕ್ಕ ಹಾಕಲಾರೆ. ಒಂದು ಮಾತ್ರ ಖಂಡಿತ ಸಿಕ್ಕಿತು: ಕುಷ್ಟಗಿಯವರು, ಯಲಬುರ್ಗಾದವರು, ಗಂಗಾವತಿಯವರು ಒಂದೇ ಊರಿನಲ್ಲಿ, ಒಂದೇ ಸಾಹೇಬರಿಗಾಗಿ, ಒಂದೇ ಚಹಾದಂಗಡಿಯಲ್ಲಿ ಕಾಯುವ ಯೋಗ. ಬಸ್ ನಿಲ್ದಾಣದ ಹತ್ತಿರದ ಆ ಚಹಾದಂಗಡಿಗೆ ಅಂಟಿಕೊಂಡೇ ಖಾದರಭಾಯಿಯ ಕ್ಯಾಸೆಟ್ ಅಂಗಡಿ ಇತ್ತು. ಕಾಯುವವರು ಚಹಾ ಕುಡಿಯುತ್ತಿದ್ದರು, ಖಾದರಭಾಯಿ ಹಚ್ಚಿದ ಹಾಡು ಕೇಳುತ್ತಿದ್ದರು, ಆಮೇಲೆ ಜಗಳಾಡುತ್ತಿದ್ದರು.

ಜಗಳ ‘ಎರಡೂರ ಮೇಳ’ದ ಬಗ್ಗೆ. ಅದು ಗೀಗೀ ಪದದ ಮೇಳ. ಒಬ್ಬ ಡಪ್ಪು ಬಾರಿಸುತ್ತಾ ಹಾಡುವುದು, ಹಿಂದಿನವರು ತುಂತುಣಿ, ತಾಳ ಹಿಡಿದು ‘ಗೀಯ ಗೀಯ’ ಎಂದು ದನಿ ಕೂಡಿಸುವುದು, ನೀವು ಕೇಳಿರುತ್ತೀರಿ. ಆದರೆ ಈ ಮೇಳದವರು ಪುರಾಣದ ಕಥೆ ಬಿಟ್ಟು ತಮ್ಮ ಕಣ್ಣೆದುರಿನದನ್ನೇ ಹಾಡು ಕಟ್ಟುತ್ತಿದ್ದರು. ಯಾವ ದೊಡ್ಡ ಕಂಪನಿಯೂ ಅವರ ಕಡೆ ತಿರುಗಿ ನೋಡಿರಲಿಲ್ಲ. ರೇಡಿಯೋದಲ್ಲಿ ಬರುತ್ತಿರಲಿಲ್ಲ. ತಾವೇ ಗದಗಿಗೆ ಹೋಗಿ ಸಣ್ಣದೊಂದು ಸ್ಟುಡಿಯೋದಲ್ಲಿ ಹಾಡಿ, ಖಾದರಭಾಯಿಯ ಅಂಗಡಿಯಲ್ಲಿ ಕ್ಯಾಸೆಟ್ ಇಡುತ್ತಿದ್ದರು. ಕೇಳಿದವರು ಕಡಿಮೆ. ಒಮ್ಮೆ ಕೇಳಿದವರು ಮಾತ್ರ ಬಿಡುತ್ತಿರಲಿಲ್ಲ.

ಹಾಡು ಕಟ್ಟುವವರು ಇಬ್ಬರು. ಕುಕನೂರಿನ ದೇವಪ್ಪ, ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಗಂಗಾವತಿ ಕಡೆಯ ಸಿದ್ದಾಪುರದ ಹನುಮಂತಪ್ಪ, ಕಾಲುವೆ ನೀರಿನ ಎರಡು ಎಕರೆ ಭತ್ತದ ಗದ್ದೆಯವರು. ಒಬ್ಬರು ಒಣನೆಲದವರು, ಇನ್ನೊಬ್ಬರು ನೀರಿನವರು. ಮೊದಲ ಕ್ಯಾಸೆಟ್ಟಿನ ಒಂದು ಬದಿ ದೇವಪ್ಪನವರ ಹಾಡು, ಇನ್ನೊಂದು ಬದಿ ಹನುಮಂತಪ್ಪನವರದು. ಪ್ರತಿ ಹಾಡಿನ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು, ಅವನ ಊರು. ಅದು ಈ ಪದಗಳ ಪದ್ಧತಿ. ಪತ್ರದ ಕೆಳಗೆ ಸಹಿ ಇದ್ದ ಹಾಗೆ.

ಎರಡನೆಯ ಕ್ಯಾಸೆಟ್ ಬಂದಾಗ ಸಹಿ ಇರಲಿಲ್ಲ. ಎಂಟು ಹಾಡು. ಒಂದರಲ್ಲೂ ಹೆಸರಿಲ್ಲ, ಊರಿಲ್ಲ.

ಕೊನೆಯ ಹಾಡು ‘ಜಾಲಿ ನೆರಳು’. ಅದನ್ನು ಮೊದಲ ಸಲ ಕೇಳಿದಾಗ ಚಹಾದಂಗಡಿಯ ಬೆಂಚಿನ ಮೇಲೆ ನನ್ನ ಕೈಯಲ್ಲಿದ್ದ ಲೋಟ ಹಾಗೇ ತಣ್ಣಗಾಯಿತು.

ಜಾಲಿಯ ನೆರಳಾಗ ಇಬ್ಬರಿಗೆ ಇಂಬಿಲ್ಲ
ಸರದು ಕುಂದರ ಗೆಳತಿ, ಬಿಸಲಿಗೂ ಹಸಿವೈತಿ

ಹಾಡು ಮುಗಿಯುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಎಂದು ಟೇಪ್ ರೆಕಾರ್ಡರಿನ ಗುಂಡಿ ತಾನಾಗಿ ಮೇಲೆ ಹಾರುತ್ತದೆ. ರೀಲು ಅಲ್ಲಿಗೇ ಮುಗಿದಿರುತ್ತದೆ. ಎಷ್ಟು ಸರಿಯಾಗಿ ಮುಗಿಯುತ್ತಿತ್ತೆಂದರೆ, ಆ ಟಕ್ ಡಪ್ಪಿನ ಕೊನೆಯ ಪೆಟ್ಟೆಂದೇ ಬಹಳ ಜನ ತಿಳಿದಿದ್ದರು. ಹೊಲದಲ್ಲಿ, ಟ್ರ್ಯಾಕ್ಸ್ ಗಾಡಿಗಳಲ್ಲಿ ಹಾಡಿಕೊಳ್ಳುವವರೆಲ್ಲ ಕೊನೆಗೆ ಉಸಿರು ಹಿಡಿದು, ನಾಲಿಗೆಯಲ್ಲಿ ಟಕ್ ಅನ್ನಿಸದೆ ಹಾಡು ಬಿಡುತ್ತಿರಲಿಲ್ಲ. ಮೇಳದವರೂ ಸೋತು, ಬಯಲಿನಲ್ಲಿ ಹಾಡುವಾಗ ಕೊನೆಗೆ ಡಪ್ಪಿನ ಅಂಚಿಗೆ ಒಂದು ಒಣ ಪೆಟ್ಟು ಕೊಡತೊಡಗಿದ್ದರು.

ಈ ಹಾಡು ಯಾರದು? ದೇವಪ್ಪನವರಂತೆ ಒಣಸೀಮೆಯವರೇ ಆದ ಕುಷ್ಟಗಿಯ ಬಸವರಾಜ ಮಾಸ್ತರರಿಗೆ ಸಂಶಯವೇ ಇರಲಿಲ್ಲ. ಅವರು ಕನ್ನಡ ಸಾಲಿಯ ಮಾಸ್ತರರು. ಬೆರಳೆತ್ತದೆ ಮಾತಾಡಿದ್ದನ್ನು ನಾನು ಕಂಡಿಲ್ಲ.

“ಜಾಲಿ ಯಾರ ಸೀಮಿದ್ರಿ? ನಮ್ಮದು. ಜಾಲಿ ನೆರಳಾಗ ಕುಂತಾಂವಗ ಗೊತ್ತು ಅದು ಎಷ್ಟು ತೆಳು ಅಂತ. ಇದು ದೇವಪ್ಪಂದು, ಬರದು ಕೊಡ್ತೀನಿ.”

“ಬರದು ಕೊಡ್ರಿ, ಚೌಕಟ್ಟ ಹಾಕಿಸಿ ಗ್ವಾಡಿಗೆ ಹಚ್ತೀನಿ,” ಎನ್ನುತ್ತಿದ್ದರು ಸಿದ್ದಾಪುರದ ಸುಬ್ಬಣ್ಣ. ಗೊಬ್ಬರದ ಅಂಗಡಿಯವರು. ಅಜ್ಜನ ಕಾಲಕ್ಕೆ ಆಂಧ್ರದಿಂದ ಬಂದ ಮನೆತನ. ಕನ್ನಡ ನಮ್ಮದೇ, ಸಿಟ್ಟು ಬಂದಾಗ ಮಾತ್ರ ನಡುವೆ ತೆಲುಗು ಇಣುಕುತ್ತಿತ್ತು. “ಮೂರನೇ ನುಡಿ ಕೇಳಿರೇನ್ರಿ ಮಾಸ್ತರ? ‘ಸಸಿಮಡಿಯ ಹಸರಂಗ ನಿನ ನಗಿ’ ಅಂತೈತಿ. ಭತ್ತದ ಸಸಿಮಡಿ ಕುಷ್ಟಗ್ಯಾಗ ಎಲ್ಲೈತ್ರಿ? ನಿಮ್ಮ ಸಾಲಿ ಗ್ವಾಡಿ ಮ್ಯಾಲೆ ಚಿತ್ರ ಬರಸೀರೇನು?”

“ನಮ್ಮ ಮಂದಿ ನಾಟಿ ಹಚ್ಚಾಕ ನಿಮ್ಮ ಗದ್ದಿಗೇ ಬರ್ತಾರಲ್ರಿ, ಕಣ್ಣು ಮುಚಗೊಂಡು ಹಚ್ತಾರೇನು?”

“ಅಬ್ಬಬ್ಬಾ! ಹಂಗಾದ್ರ ನಮ್ಮ ಕಾಲುವಿ ದಂಡಿ ತುಂಬ ಜಾಲೀನ ಬೆಳದೈತಿ. ಅದಕ್ಕೇನಂತೀರಿ?”

ಖಾದರಭಾಯಿ ಯಾರ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. “ಇಬ್ರೂ ಜಗಳಾಡ್ರಿ. ಮಾಲು ಹೋಗ್ತೈತಿ,” ಎಂದು ನಗುತ್ತಿದ್ದರು.

ತಮಾಷೆ ಬಹಳ ದಿನ ತಮಾಷೆಯಾಗಿ ಉಳಿಯಲಿಲ್ಲ. ಸಿದ್ದಾಪುರದಲ್ಲಿ ಮೇಳದ ಕಾರ್ಯಕ್ರಮ ಗೊತ್ತಾಯಿತು. ‘ಜಾಲಿ ನೆರಳು’ ಕಟ್ಟಿದ ಕವಿಗೆ ಅಂದು ಶಾಲು ಹೊದಿಸುತ್ತೇವೆಂದು ಸುಬ್ಬಣ್ಣ ಸಾರಿಬಿಟ್ಟರು. ಶಾಲು ಒಂದು. ಕವಿಗಳು ಇಬ್ಬರು. ಅದು ಹನುಮಂತಪ್ಪನವರ ಹೆಗಲಿಗೇರಿದರೆ ಒಣಸೀಮೆಯ ಯಾವ ಊರೂ ಈ ಮೇಳವನ್ನು ಮತ್ತೆ ಕರೆಯುವುದಿಲ್ಲ ಎಂದು ಮಾಸ್ತರರು ಬೆರಳೆತ್ತಿ ಹೇಳಿದರು. ದೇವಪ್ಪನವರ ಹೆಗಲಿಗೇರಿದರೆ ನೀರಾವರಿ ಸೀಮೆಯವರು ಕರೆಯುವುದಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಯಾರೇ ಗೆದ್ದರೂ ಮೇಳ ಒಡೆಯುವುದು ಖಚಿತವಾಗಿ ಕಾಣುತ್ತಿತ್ತು.

ಆಮೇಲೆ ಮಾಸ್ತರರು, ಸುಬ್ಬಣ್ಣ ಇಬ್ಬರೂ ನನ್ನ ಕಡೆ ತಿರುಗಿದರು. “ನೀವು ಪೇಪರಿನವರು, ಕೇಳಿ ಬರ್ರಿ. ನೀವು ಬರದದ್ದು ನಮಗ ಕಬೂಲ್,” ಎಂದರು ಸುಬ್ಬಣ್ಣ. ಆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು. ನನಗೆ ಒಳಗೊಳಗೆ ಹೆಮ್ಮೆಯಾಯಿತು ಎಂಬುದನ್ನು ದಾಖಲಿಸಬೇಕು.

ಕುಕನೂರಿಗೆ ಹೋದೆ. ಹನುಮಂತಪ್ಪನವರೂ ಅಲ್ಲೇ ಬಂದಿದ್ದರು, ತಾಲೀಮಿಗೆ. ಆದರೆ ತಾಲೀಮು ನಡೆದಿರಲಿಲ್ಲ. ಗಿರಣಿ ಓಡುತ್ತಿತ್ತು, ಜೋಳದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು, ದೇವಪ್ಪನವರ ಹುಬ್ಬು, ಮೀಸೆ ಎಲ್ಲ ಹಿಟ್ಟು. ನನ್ನನ್ನು ಕಂಡು ಕೈಸನ್ನೆಯಲ್ಲೇ ಕೂಡಲು ಹೇಳಿದರು. ಕರೆಂಟು ಹೋದಾಗ ಮಾತ್ರ ಆ ಮೇಳದ ತಾಲೀಮು. ಜಿಲ್ಲೆಯೆಲ್ಲ ಕರೆಂಟು ಹೋಯಿತೆಂದು ಶಪಿಸುವ ಗಳಿಗೆಯಲ್ಲಿ ಇವರು ಡಪ್ಪು ಇಳಿಸಿಕೊಳ್ಳುತ್ತಿದ್ದರು.

ಕರೆಂಟು ಹೋಯಿತು. ಯಂತ್ರದ ಪಟ್ಟಾ ನಿಧಾನವಾಗಿ ಸುತ್ತಿ ನಿಂತಿತು. ಆ ನಿಶ್ಶಬ್ದದಲ್ಲಿ ನಾನು ಬಂದ ಕಾರಣ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಹೆಸರು ಯಾಕ ಬಿಟ್ರಿ?” ಎಂದು ಕೇಳಿದೆ.

“ರೀಲು ಸಾಲಲಿಲ್ರಿ,” ಎಂದರು ದೇವಪ್ಪ.

ನಾನು ಪೆನ್ನು ಹಿಡಿದು ಇನ್ನೂ ದೊಡ್ಡದೇನಾದರೂ ಬರುತ್ತದೆಂದು ಕಾದೆ.

“ಖರೇನ ಹೇಳಾಕತ್ತೀನ್ರಿ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಮೊದಲ ತಂದಿಟ್ಟಿದ್ವಿ. ಗದಗಿನಾಗ ರೆಕಾರ್ಡಿಂಗ್ ಮಾಡಾಂವ ಗಡಿಯಾರ ನೋಡಿ, ‘ಯಜಮಾನ್ರ, ಎಂಟು ಹಿಡ್ಯಂಗಿಲ್ಲ, ಒಂದು ಬಿಡ್ರಿ’ ಅಂದ. ನಾ ಅಂದೆ, ನಂದು ಒಂದು ತಗೀರಿ ಅಂತ. ಈ ಪುಣ್ಯಾತ್ಮ ಒಲ್ಲೆ ಅಂದ.”

“ಮತ್ತ?” ಎಂದರು ಹನುಮಂತಪ್ಪ. “ನಿನ್ನ ಹಾಡು ತಗದು ನನ್ನ ಹಾಡು ಉಳಿಸ್ಕೊಂಡು ಊರಿಗೆ ಹೆಂಗ ಹೋಗ್ಲಿ? ನಂದು ತಗೀರಿ ಅಂದೆ. ಇಂವಾ ಎದ್ದು ಹೊರಗ ಹೋದ.”

“ಚಾ ಕುಡಿಯಾಕ ಹೋಗಿದ್ನೋ.”

“ಸಿಟ್ಟೀಲೆ ಹೋಗಿದ್ದಿ.”

ಕೊನೆಗೆ ಇಬ್ಬರಿಗೂ ಒಂದೇ ದಾರಿ ಕಂಡಿತ್ತು. ಎಂಟೂ ಹಾಡುಗಳ ಕೊನೆಯ ನುಡಿ ಕತ್ತರಿಸಿದರು. ಹೆಸರು ಹೋದರೆ ಹಾಡು ಉಳಿಯುತ್ತದೆ. ಆದರೂ ಅಂಗುಲದಷ್ಟೂ ಜಾಗ ಮಿಗಲಿಲ್ಲ. ಅದಕ್ಕೇ ಆ ಟಕ್.

ಇದಿಷ್ಟನ್ನು ಬರೆದುಕೊಂಡೆ. ನನ್ನ ಕೈ ಅಭ್ಯಾಸದಂತೆ ಬರೆಯುತ್ತಿತ್ತು. ತಲೆ ಮಾತ್ರ ಹಿಂದೆ ಉಳಿದಿತ್ತು. ಪುಢಾರಿಗಳ ಹೆಸರು ಒಂದು ಸಾಲು ಕೆಳಗೆ ಬಂದರೆ ಸಂಜೆಯವರೆಗೆ ದೂರು ಕೇಳುವ ಕೆಲಸ ನನ್ನದು. ಇಲ್ಲಿ ಇಬ್ಬರು ಮನುಷ್ಯರು ತಮ್ಮ ಜೀವಮಾನದ ಅತ್ಯುತ್ತಮ ಹಾಡುಗಳಿಂದ ತಮ್ಮ ಹೆಸರನ್ನು ತೆಗೆದಿಟ್ಟು, ಅದನ್ನು ರೀಲಿನ ಅಳತೆಯ ವಿಷಯವಾಗಿ ಹೇಳುತ್ತಿದ್ದರು.

“ಇದನ್ನ ಜನರಿಗೆ ಯಾಕ ಹೇಳಲಿಲ್ಲ?”

ಈ ಸಲ ಹನುಮಂತಪ್ಪ ಮಾತಾಡಿದರು. “ಮೊದಲ್ನೇ ಕ್ಯಾಸೆಟ್ ಬಂದಾಗ ಖಾದರಭಾಯಿ ಒಂದು ಮಾತು ಹೇಳಿದ್ರು ನೋಡ್ರಿ. ಕುಷ್ಟಗಿ ಮಂದಿ ಬಂದು, ‘ಎರಡೂ ಬಾಜೂಕ ದೇವಪ್ಪನ್ನ ಹಾಡ ತುಂಬಿ ಕೊಡ್ರಿ’ ಅಂತಿದ್ರಂತ. ನಮ್ಮ ಸಿದ್ದಾಪುರದವರು ಬಂದು, ಎರಡೂ ಬಾಜೂಕ ನನ್ನವು ತುಂಬ್ರಿ ಅಂತಿದ್ರಂತ. ಈಗ ಯಾವ್ದು ಯಾರ್ದು ಗೊತ್ತಿಲ್ಲ. ಎಂಟೂ ಕೇಳಾಕತ್ಯಾರ. ಹುಡುಕಾಕಂತ ಮತ್ತೊಮ್ಮೆ ಕೇಳ್ತಾರ. ಇಷ್ಟು ಛಂದ ನಮ್ಮನ್ನ ಯಾರೂ ಕೇಳಿದ್ದಿಲ್ರಿ.”

ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಕೇಳಿದೆ: “ಹಂಗಾದ್ರ ಜಾಲಿ ನೆರಳು ಯಾರ್ದು?”

“ಹೇಳ್ತೀವ್ರಿ,” ಎಂದರು ದೇವಪ್ಪ. “ಸುಳ್ಳು ಹೇಳೂದಿಲ್ಲ. ಒಮ್ಮೆ ಹೇಳಿದ ಮ್ಯಾಲೆ ಮಾತ್ರ ನೀವು ಅದನ್ನ ಇವತ್ತಿನಂಗ ಮತ್ತ ಕೇಳಾಕ ಆಗೂದಿಲ್ಲ. ನೋಡ್ರಿ, ವಿಚಾರ ಮಾಡ್ರಿ.”

ಅಷ್ಟರಲ್ಲಿ ಕರೆಂಟು ಬಂತು. ಪಟ್ಟಾ ಗರ್ರನೆ ತಿರುಗಿತು. “ಯಣ್ಣಾ, ನನ್ನ ಪಾಳಿ!” ಎಂದು ಒಬ್ಬಾಕೆ ಡಬ್ಬಿ ಎತ್ತಿಕೊಂಡು ಮುಂದೆ ಬಂದಳು. ದೇವಪ್ಪ ಎದ್ದರು. ಇನ್ನೊಮ್ಮೆ ಕರೆಂಟು ಹೋಗುವವರೆಗೆ ನಾನು ಕಾಯಬಹುದಿತ್ತು. ಆ ದಿನಗಳಲ್ಲಿ ಅದು ದೂರದ ಮಾತೇನೂ ಆಗಿರಲಿಲ್ಲ. ನಾನು ಕೊಪ್ಪಳದ ಬಸ್ ಹತ್ತಿದೆ.

ಸಿದ್ದಾಪುರದ ಬಯಲಿನಲ್ಲಿ ಕಾರ್ಯಕ್ರಮದ ಸಂಜೆ ಕೂಡಿದ ಮಂದಿಯನ್ನು ನಾನು ಎಣಿಸಲಿಲ್ಲ. ಎಣಿಸುವುದು ನನ್ನ ಕೆಲಸವಾಗಿತ್ತು, ಆದರೂ ಎಣಿಸಲಿಲ್ಲ. ಮಾಸ್ತರರು ಕುಷ್ಟಗಿಯಿಂದ ಒಂದು ಟ್ರ್ಯಾಕ್ಸ್ ತುಂಬ ಜನ ಕರೆತಂದಿದ್ದರು. ಸುಬ್ಬಣ್ಣ ಶಾಲು ಹಿಡಿದು ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದರು. ನಾನು ಏನೂ ಬರೆದಿರಲಿಲ್ಲ, ಇಬ್ಬರಿಗೂ ಏನೂ ಹೇಳಿರಲಿಲ್ಲ. ಇಲ್ಲಿ ಬಯಲಿನಲ್ಲಿ ರೀಲಿನ ಅಳತೆ ಇರಲಿಲ್ಲ. ಬೇರೆ ಊರುಗಳಲ್ಲಿ ಟಕ್ ಎಂದೇ ಮುಗಿಸಿದ್ದರೂ, ಶಾಲಿನ ಎದುರು ಕೊನೆಯ ನುಡಿ ಬಂದೇ ಬರುತ್ತದೆ, ಹೆಸರು ಹೊರಬೀಳುತ್ತದೆ ಎಂದು ಎಲ್ಲರೂ ನಂಬಿದ್ದರು.

ದೇವಪ್ಪ, ಹನುಮಂತಪ್ಪ ಇಬ್ಬರೂ ಕೂಡಿಯೇ ಹಾಡಿದರು, ಒಂದು ಸಾಲು ಒಬ್ಬರು, ಒಂದು ಸಾಲು ಇನ್ನೊಬ್ಬರು. ಕೊನೆಯ ಸಲ ಬಿಸಲಿಗೂ ಹಸಿವೈತಿ ಎಂಬಲ್ಲಿಗೆ ಬಂದು ನಿಂತರು. ಒಂದು ಉಸಿರು. ಇಡೀ ಬಯಲು ಮುಂದಕ್ಕೆ ಬಾಗಿತ್ತು. ದೇವಪ್ಪ ಡಪ್ಪು ಎತ್ತಿ ಅಂಚಿಗೆ ಒಂದೇ ಪೆಟ್ಟು ಕೊಟ್ಟರು: ಟಕ್. ಕೆಳಗಿಟ್ಟರು.

ಹೆಸರು ಬರಲಿಲ್ಲ. ಎಲ್ಲಿಂದಲೋ ಒಂದು ಕೂಗು ಬರುತ್ತದೆಂದು ನಾನು ಕಾದೆ. ಬಂದದ್ದು ಕೂಗಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ನಾಲಿಗೆಯಲ್ಲಿ ಟಕ್ ಎಂದಳು. ಅವಳ ಹಿಂದಿನವರು ಎಂದರು. ಅದು ಹೆಂಗಸರ ಕಡೆಯಿಂದ ಗಂಡಸರ ಕಡೆಗೆ, ಸಿದ್ದಾಪುರದವರಿಂದ ಕುಷ್ಟಗಿಯವರಿಗೆ ಹರಿದು, ಬಯಲಿನ ಕೊನೆಗೆ ನಿಂತ ಗಾಡಿಗಳವರೆಗೆ ಹೋಯಿತು. ಒಣಗಿದ ನೆಲದ ಮೇಲೆ ದೊಡ್ಡ ಹನಿಗಳು ಬೀಳತೊಡಗಿದಂತೆ ಕೇಳಿಸಿತು. ನಾನು ಮಾತ್ರ ಟಕ್ ಎನ್ನಲಿಲ್ಲ. ವರದಿಗಾರ ಚಪ್ಪಾಳೆ ತಟ್ಟಬಾರದು ಎಂದು ನನಗೆ ಕಲಿಸಿದ್ದರು.

ಸುಬ್ಬಣ್ಣ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಶಾಲು ಹಿಡಿದು, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದರು. ಮಂದಿಯ ನಡುವಿನಿಂದ ಮಾಸ್ತರರ ದನಿ ಬಂತು: “ಹೊಚ್ಚಿಬಿಡ್ರಿ ಸುಬ್ಬಣ್ಣ! ಯಾರಿಗರ ಹೊಚ್ರಿ! ನಮ್ಮದೇನೂ ತಕರಾರಿಲ್ಲ!”

ಸುಬ್ಬಣ್ಣ ಮೇಲೆ ಹೋಗಿ ಆ ಶಾಲನ್ನು ಡಪ್ಪಿನ ಮೇಲೆ ಹಾಕಿದರು. ಆಮೇಲೆ ವರ್ಷಗಟ್ಟಲೆ ಡಪ್ಪು ಊರಿಂದೂರಿಗೆ ಅದೇ ಶಾಲಿನಲ್ಲಿ ಸುತ್ತಿಕೊಂಡು ಓಡಾಡಿತು. ಮೇಳ ಒಡೆಯಲಿಲ್ಲ. ವಾದವೂ ನಿಲ್ಲಲಿಲ್ಲ, ಮರುವಾರವೇ ಚಹಾದಂಗಡಿಯಲ್ಲಿ ಮಾಸ್ತರರು ಸಸಿಮಡಿಯ ಬಗ್ಗೆ ಹೊಸ ಸಾಕ್ಷಿ ತಂದಿದ್ದರು. ನಾನು ಕಳಿಸಿದ ವರದಿ ನಾಲ್ಕು ಸಾಲು: ಕಾರ್ಯಕ್ರಮ ನಡೆಯಿತು, ಜನ ಸೇರಿದ್ದರು. ಹಾಡು ಯಾರದೆಂದು ಬರೆಯಲಿಲ್ಲ. ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಮಂಜುನಾಥ ನನ್ನ ಕತ್ತಿನ ಮೇಲಿನ ಬಟ್ಟೆ ಝಾಡಿಸಿದ. “ಆ ಹಾಡಿನ ಕೊನೀಗೆ ಟಕ್ ಅನ್ನಿಸಿದೆಲ್ಲಪಾ, ಅದ್ಯಾಕ?” ಎಂದು ಕೇಳಿದೆ.

“ಹಾಡಿನಾಗ ಐತಲ್ರಿ ಕಾಕಾ ಅದು.”

“ನೀ ಕ್ಯಾಸೆಟ್ ನೋಡಿಯೇನು?”

“ಇಲ್ರಿ. ನಮ್ಮವ್ವ ಅಡಗಿ ಮಾಡುವಾಗ ಹಾಡ್ತಿದ್ಲು. ಕೊನೀಗೆ ಸೌಟು ಬಡೀತಿದ್ಲು.” ಬಾಚಣಿಕೆ ಕೈಗೆತ್ತಿಕೊಂಡು ಕೇಳಿದ: “ನೀವು ಪೇಪರಿನಾಗ ಇದ್ರಂತ. ಯಾರ್ದ್ರಿ ಕಾಕಾ ಅದು? ನಮ್ಮಪ್ಪ ಕುಕನೂರಿನವರದು ಅಂತಾನ. ನಮ್ಮ ಮಾವ ಸಿದ್ದಾಪುರದವರದು ಅಂತಾನ. ಹಬ್ಬಕ್ಕ ಕೂಡಿದಾಗೆಲ್ಲ ಇದ ಮಾತು ನೋಡ್ರಿ.”

“ಇನ್ನೊಮ್ಮೆ ಹಾಡು,” ಎಂದೆ. “ಮೊದಲಿಂದ.”

ಅವನಿಗೆ ನಾಚಿಕೆಯಾಯಿತು. ಕಾಯುತ್ತಿದ್ದ ಇನ್ನಿಬ್ಬರ ಕಡೆ ನೋಡಿದ. ಆಮೇಲೆ ಹಾಡಿದ, ಕತ್ತರಿ, ಬಾಚಣಿಕೆ ಎರಡನ್ನೂ ಕನ್ನಡಿಯ ಮುಂದಿಟ್ಟು. ನಾನು ಕಣ್ಣು ಮುಚ್ಚಿಕೊಂಡೆ. ಜಾಲಿ ಬಂತು, ಸಸಿಮಡಿಯ ಹಸಿರು ಬಂತು, ಬಿಸಿಲಿನ ಹಸಿವು ಬಂತು. ಹಾಡು ನಿಂತಿತು. ಒಂದು ಉಸಿರು. ಅವನ ಕೈ ಖಾಲಿ ಇತ್ತು.

ನನ್ನ ನಾಲಿಗೆ ಟಕ್ ಎಂದಿತು.