ಇಪ್ಪತ್ಮೂರನೇ ದಿನದ ಹಾಡುಗಳು

ನನ್ನ ಅಣ್ಣನಿಗೆ ಐವತ್ತಾರನೇ ವಯಸ್ಸಿನಲ್ಲಿ ಜುಟ್ಟು ಬಿಡುವ ಆಸೆ ಹುಟ್ಟಿತು. ಕಂಪ್ಲಿಯಲ್ಲಿ ಅವನದು ಅಕ್ಕಿ ಗಿರಣಿ. ಹಣೆಯ ಮೇಲೆ ವಿಭೂತಿ, ತಲೆಯ ಹಿಂದೆ ರಬ್ಬರ್ ಬ್ಯಾಂಡ್ ಹಾಕಿದ ನರೆಗೂದಲಿನ ಜುಟ್ಟು, ಮೈಮೇಲೆ ಒಬ್ಬ ಇಂಗ್ಲಿಷ್ ರಾಕ್ ಹಾಡುಗಾರನ ಮುಖ ಅಚ್ಚಾದ ಕರಿ ಟೀ ಶರ್ಟು. ಭತ್ತ ತಂದ ರೈತರು ಅವನನ್ನು ನೋಡಿ ಏನಂದುಕೊಳ್ಳುತ್ತಿದ್ದರೋ ಗೊತ್ತಿಲ್ಲ. ನಾನಂತೂ ಮುಖ ಆ ಕಡೆ ತಿರುಗಿಸುತ್ತಿದ್ದೆ.

ಈ ಹುಚ್ಚು ಹೊಸದೇನಲ್ಲ. ಹೊಸಪೇಟೆಯಲ್ಲಿ ಕಾಲೇಜು ಓದುವಾಗ ಅವನು ಭಾನುವಾರ ಸೈಕಲ್ ತುಳಿದುಕೊಂಡು ಹಂಪಿಗೆ ಹೋಗಿ ವಿದೇಶಿಯರ ಜೊತೆ ಕೂತು ಬರುತ್ತಿದ್ದ. ಅವರಲ್ಲೊಬ್ಬ ಊರಿಗೆ ಹೋಗುವಾಗ ಮೂರೇ ತಂತಿ ಉಳಿದಿದ್ದ ಒಂದು ಗಿಟಾರನ್ನು ಇವನಿಗೆ ಕೊಟ್ಟು ಹೋದ. ಅದನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ. ನನಗೆ ನೆನಪಿರುವಂತೆ ಅದರಿಂದ ಸದ್ದು ಬಂದದ್ದು ಒಂದೇ ಸಲ, ನಮ್ಮವ್ವ ಜೇಡನ ಬಲೆ ತೆಗೆಯಲು ಅದರ ಮೇಲೆ ಕಸಬರಿಗೆ ಆಡಿಸಿದಾಗ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವನು ಹೊಸಪೇಟೆಯ ನಮ್ಮ ಮನೆಗೆ ಬಂದ. ನಾನು ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟೆ. ತಟ್ಟೆಗೆ ಕೈ ಹಾಕುವ ಮೊದಲೇ ಶುರುಮಾಡಿದ.

"ನೋಡವಾ, ಆ ಮನಷ್ಯ ಐವತ್ತು ವರ್ಷ ಹಾಡಿದ. ಒಮ್ಮೆ ಮಾಡಿದ್ದು ಇನ್ನೊಮ್ಮೆ ಮಾಡ್ಲಿಲ್ಲ. ಪ್ರತಿ ಆಲ್ಬಮಿಗೂ ಹೊಸಾ ಮನಷ್ಯ ಆಗಿ ಬಂದ. ನಾವು ಹುಟ್ಟಿದಾಗಿಂದ ಹೆಂಗಿದ್ವೋ ಹಂಗ ಅದೀವಿ."

"ನೀ ಜುಟ್ಟ ಬಿಟ್ಟಿಯಲ್ಲ," ಅಂದೆ.

"ಚ್ಯಾಷ್ಟಿ ಬ್ಯಾಡ. ಒಂದು ಚಾಲೆಂಜ್ ಇಟ್ಟೀನಿ. ನಲವತ್ತೆಂಟು ದಿನ, ದಿನಕ್ಕೊಂದು ಆಲ್ಬಮ್. ಅವನ ಮೊದಲನೇದರಿಂದ ಕಡೀದರ ತನಕ. ಮುಂಜಾನೆ ಕೇಳಬೇಕು, ಹತ್ತು ಗಂಟಿ ಒಳಗ ಎರಡು ಸಾಲು ಬರದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ತಪ್ಪಿದ್ರ ಔಟ್."

ನಲವತ್ತೆಂಟು ದಿನ ಅಂದರೆ ಒಂದು ಮಂಡಲ. ಮಾಲೆ ಹಾಕಿಕೊಂಡವರು ವ್ರತ ಹಿಡಿದಂತೆ ಇವರು ರಾಕ್ ಸಂಗೀತದ ವ್ರತ ಹಿಡಿಯುವವರು.

"ನಾ ಯಾಕ?"

"ಒಬ್ಬಾಕಿ ಹೆಣ್ಮಗಳು ಇರ್ಲಿ. ಇಲ್ಲಂದ್ರ ಗ್ರೂಪು ಚಂದ ಕಾಣಂಗಿಲ್ಲ."

ಬ್ಯಾಡ ಅನ್ನಬಹುದಿತ್ತು. ಅನ್ನಲಿಲ್ಲ. ಸಂಗೀತದ ಆಸೆಯಿಂದಲ್ಲ, ಇವರ ಹುಚ್ಚಾಟವನ್ನು ಹತ್ತಿರದಿಂದ ನೋಡಿ ನಗಬೇಕು ಅನ್ನುವ ಆಸೆಯಿಂದ ಸೇರಿಕೊಂಡೆ. ಆಗ ನನಗೆ ಅದು ತಪ್ಪು ಅನಿಸಿರಲಿಲ್ಲ.

ಗ್ರೂಪಿನಲ್ಲಿ ಹನ್ನೊಂದು ಮಂದಿ ಇದ್ದರು, ಬಹುತೇಕ ಅಣ್ಣನ ಕಾಲೇಜಿನವರು. ಮುಖ್ಯವಾಗಿ ಮೂವರು: ಹೊಸಪೇಟೆಯ ಒಬ್ಬ ಹಲ್ಲಿನ ಡಾಕ್ಟರು, ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿ ದೊಡ್ಡವನಾದ ಒಬ್ಬ ಲಾರಿ ಮಾಲೀಕ, ಹಂಪಿಯಲ್ಲಿ ಗೆಸ್ಟ್ ಹೌಸ್ ಇಟ್ಟುಕೊಂಡ ಒಬ್ಬಾತ. ಇವರ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಬ್ಬ. ಸಂಡೂರು ತಾಲೂಕಿನ ಚೋರನೂರಿನಲ್ಲಿ ಅವನದು ಹಿಟ್ಟಿನ ಗಿರಣಿ. ಹಾಸ್ಟೆಲಿನಲ್ಲಿ ಅಣ್ಣನ ಪಕ್ಕದ ಕೋಣೆಯಲ್ಲಿದ್ದ ಅನ್ನುವುದಷ್ಟೇ ಅವನ ಅರ್ಹತೆ.

ಪ್ರತಿದಿನ ಬೆಳಿಗ್ಗೆ ಆರಕ್ಕೆ ಅಣ್ಣ ಆಲ್ಬಮಿನ ಹೆಸರು, ವರ್ಷ, ಮುಖಪುಟದ ಚಿತ್ರ ಹಾಕುತ್ತಿದ್ದ. ಕೆಳಗೆ ಇಡೀ ಆಲ್ಬಮ್ ಒಂದೇ ಉದ್ದದ ಫೈಲಾಗಿ ಬರುತ್ತಿತ್ತು. ಅದಕ್ಕೆ ಬರೀ 'ದಿನ ೧', 'ದಿನ ೨' ಎಂದು ಹೆಸರು. ನಿಮಗೆಲ್ಲ ಹುಡುಕಿ ಕೇಳುವಷ್ಟು ಪುರುಸೊತ್ತಿಲ್ಲ, ನಾನೇ ಬಡಿಸುತ್ತೇನೆ ಅನ್ನುವ ದೊಡ್ಡಸ್ತಿಕೆ.

ನಾನು ಕೆಲಸ ಮಾಡುವುದು ಟಿ.ಬಿ. ಡ್ಯಾಂನಲ್ಲಿ, ಕಾಲುವೆ ಕಚೇರಿಯ ಗುಮಾಸ್ತೆಯಾಗಿ. ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗುವಾಗ ಕಿವಿಗೆ ಇಯರ್ ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಆಲ್ಬಮಿನ ಮೂರನೇ ಹಾಡು ಮುಗಿಯುವಷ್ಟರಲ್ಲಿ ನನ್ನ ಸ್ಟಾಪ್ ಬರುತ್ತಿತ್ತು. ಅಲ್ಲಿಗೆ ನನ್ನ ವ್ರತವೂ ಮುಗಿಯುತ್ತಿತ್ತು. ಕಚೇರಿಯಲ್ಲಿ ಕೂತು ಎರಡು ಸಾಲು ಬರೆದು ಹಾಕುತ್ತಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ, ಹೆಬ್ಬೆರಳು ಎತ್ತುತ್ತಿದ್ದರು.

ಉಳಿದವರು ಬರೆಯುತ್ತಿದ್ದುದನ್ನು ಓದುವುದೇ ನನ್ನ ಬೆಳಗಿನ ಮೋಜು. ಹಲ್ಲಿನ ಡಾಕ್ಟರು ಆರನೇ ದಿನ, "ಇಲ್ಲಿ ಗಾಯಕ ತನ್ನ ನೆರಳಿನೊಡನೆ ಸಂವಾದ ನಡೆಸುತ್ತಾನೆ" ಎಂದು ಬರೆದ. ಆ ಮನುಷ್ಯ ಇಪ್ಪತ್ತು ವರ್ಷದಿಂದ ನನ್ನ ಹಲ್ಲು ನೋಡಿದ್ದಾನೆ. "ಬಾಯಿ ತೆಗೀರಿ", "ಉಗುಳ್ರಿ" ಎರಡು ಬಿಟ್ಟು ಮೂರನೇ ಮಾತು ಅವನ ಬಾಯಿಂದ ಕೇಳಿದವಳಲ್ಲ. ಅನುಮಾನ ಬಂದು ಆಲ್ಬಮಿನ ಹೆಸರು ಹಾಕಿ ಹುಡುಕಿದೆ. ಇಂಗ್ಲಿಷಿನ ಒಂದು ವಿಮರ್ಶೆಯಲ್ಲಿ ಆ ನೆರಳು, ಆ ಸಂವಾದ ಎರಡೂ ಹಾಗೇ ಕೂತಿದ್ದವು. ಲಾರಿ ಮಾಲೀಕ ಅಷ್ಟೂ ಕಷ್ಟಪಡುತ್ತಿರಲಿಲ್ಲ. ದಿನಾ "ಸೂಪರ್, ಟೋಟಲ್ ಡಿಫರೆಂಟ್" ಎಂದು ಹಾಕುತ್ತಿದ್ದ. ಗೆಸ್ಟ್ ಹೌಸಿನವನಂತೂ ಆ ಹಾಡುಗಾರನ ಊರಿನಿಂದ ಬಂದ ಪ್ರವಾಸಿಗರಿಗೆ ತಾನು ಬಾಳೆಹಣ್ಣಿನ ಪ್ಯಾನ್‌ಕೇಕ್ ಮಾಡಿಕೊಟ್ಟದ್ದನ್ನೇ ವಾರಕ್ಕೆರಡು ಸಲ ವಿಮರ್ಶೆ ಅಂತ ಬರೆಯುತ್ತಿದ್ದ.

ಚೋರನೂರಿನವನು ಬರೆಯುವುದು ಬೇರೆ ಥರ. "ಮೂರನೇ ಹಾಡಿನಾಗ ಡ್ರಮ್ ಬಾರಿಸೋನು ಒಂದ್ ಕಡೆ ತಡವರಿಸ್ಯಾನ. ಅದನ್ನ ತಗೀದ ಹಂಗ ಬಿಟ್ಟಾರ. ಚಲೋ ಆತು." ಮತ್ತೊಂದು ದಿನ, "ಇವತ್ತ ಅವನಿಗೆ ನೆಗಡಿ ಆಗಿತ್ತು ಕಾಣತೈತಿ." ಇವಕ್ಕೆ ಒಂದು ಹೆಬ್ಬೆರಳೂ ಏಳುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಜೋಳ ಬೀಸುವವನು ಇನ್ನೇನು ಬರೆದಾನು ಅಂದುಕೊಂಡೆ.

ಇಪ್ಪತ್ಮೂರನೇ ದಿನ ಕಾಲುವೆಗೆ ನೀರು ಬಿಡುವ ಗಡಿಬಿಡಿಯಿತ್ತು. ಬೆಳಿಗ್ಗೆ ಎಂಟಕ್ಕೇ ಕಚೇರಿಯಲ್ಲಿ ರೈತರು ತುಂಬಿದ್ದರು. ಫೈಲನ್ನು ತೆರೆಯುವುದಕ್ಕೂ ಆಗಲಿಲ್ಲ. ಹತ್ತಕ್ಕೆ ಐದು ನಿಮಿಷ ಇದ್ದಾಗ, "ಈ ಹಂತಕ್ಕೆ ಬರುವಷ್ಟರಲ್ಲಿ ಗಾಯಕ ಒಳಮುಖವಾಗಿದ್ದಾನೆ" ಎಂದು ಬರೆದು ಕಳಿಸಿದೆ. ನನಗಿಂತ ಮೊದಲೇ ಡಾಕ್ಟರು, ವಯಸ್ಸು ಗಾಯಕನ ಧ್ವನಿಗೆ ಹೊಸ ಆಳ ಕೊಟ್ಟಿದೆ ಎಂದಿದ್ದ. ಲಾರಿ ಮಾಲೀಕನದು ಎಂದಿನ ಟೋಟಲ್ ಡಿಫರೆಂಟ್. ಗೆಸ್ಟ್ ಹೌಸಿನವನು, "ಮೊದಲಿನವೆಲ್ಲ ಇದರ ಮುಂದ ಏನೂ ಅಲ್ಲ" ಎಂದಿದ್ದ. ಅಣ್ಣ ಎಂಟು ಸಾಲು ಬರೆದಿದ್ದ. ಆರಂಭದ ದಿನಗಳ ಹಸಿತನ ಕಳಚಿ ಮಾಗಿದ ಕಲಾವಿದ ಇಲ್ಲಿ ಎದ್ದು ನಿಲ್ಲುತ್ತಾನೆ, ಇತ್ಯಾದಿ.

ಹನ್ನೊಂದರ ಹೊತ್ತಿಗೆ ಚೋರನೂರಿನವನಿಂದ ನನಗೊಬ್ಬಳಿಗೇ ಒಂದು ಮೆಸೇಜು ಬಂತು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಇವತ್ತಿಂದು ಒಂಬತ್ತನೇ ದಿನದ್ದ ಅಲ್ಲೇನ್ರಿ? ಫೈಲು ಅದಲಿ ಬದಲಿ ಆಗೈತಿ ಅನಸ್ತೈತಿ."

ಒಂಬತ್ತನೇ ದಿನದ ಆಲ್ಬಮಿನ ಶುರು ನನಗೆ ನೆನಪಿತ್ತು. ಯಾರೋ ಒಂದು, ಎರಡು, ಮೂರು ಎಣಿಸುತ್ತಾನೆ, ಕುರ್ಚಿ ಎಳೆದ ಕಿರ್ರ್ ಸದ್ದು ಬರುತ್ತದೆ, ಆಮೇಲೆ ಗಿಟಾರು. ಇಪ್ಪತ್ಮೂರನ್ನು ತೆರೆದು ಕಿವಿಗೆ ಹಿಡಿದೆ. ಒಂದು, ಎರಡು, ಮೂರು. ಕಿರ್ರ್.

ಕಚೇರಿಯಲ್ಲಿ ಎಲ್ಲರೆದುರಿಗೆ ಒಬ್ಬಳೇ ನಕ್ಕೆ. ವಯಸ್ಸು ಕೊಟ್ಟ ಆಳವಂತೆ, ಕಳಚಿದ ಹಸಿತನವಂತೆ. ಆಮೇಲೆ ನನ್ನದೇ ಒಳಮುಖ ನೆನಪಾಗಿ ನಗು ನಿಂತಿತು. ಅವನಿಗೆ ಉತ್ತರ ಬರೆಯಲಿಲ್ಲ.

ಮಧ್ಯಾಹ್ನದ ತನಕ ಕಾದು ಅವನು ಗ್ರೂಪಿನಲ್ಲೇ ಕೇಳಿದ. ಬಹಳ ಮರ್ಯಾದೆಯಿಂದಲೇ ಕೇಳಿದ. ಆಮೇಲೆ ಅಣ್ಣನ ದನಿಯ ರೆಕಾರ್ಡಿಂಗ್ ಬಂತು.

"ಲೇ, ಗಿರಣಿ ಗದ್ಲಕ್ಕ ನಿನ್ನ ಕಿವಿ ಹೋಗ್ಯಾವ. ಇದು ಜೋಳದ ಹಿಟ್ಟಲ್ಲ, ಸಂಗೀತ. ತಿಳಿಲಿಲ್ಲಂದ್ರ ಸುಮ್ನ ಕುಂದ್ರು."

ಅವನ ಅಕ್ಕಿ ಗಿರಣಿಯ ಸದ್ದೇ ಆ ಮಾತಿನ ಹಿಂದೆ ಗಡಗಡ ಅನ್ನುತ್ತಿತ್ತು. ನಗುವ ಮುಖದ ಚಿತ್ರಗಳು ಸಾಲಾಗಿ ಬಂದವು.

"ಅಣ್ಣಾರ, ಒಮ್ಮೆ ಕೇಳಿ ನೋಡ್ರಿ ಅಷ್ಟ," ಎಂದು ಅವನು ಬರೆದ. ಸಂಜೆಗೆ ಅವನನ್ನು ಗ್ರೂಪಿನಿಂದ ತೆಗೆದುಹಾಕಲಾಯಿತು. ಶಿಸ್ತಿನ ಪ್ರಶ್ನೆ ಎಂದು ಅಣ್ಣ ಕೆಳಗೆ ಬರೆದ. ಡಾಕ್ಟರು ಹೆಬ್ಬೆರಳು ಎತ್ತಿದ.

ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಬೆಳಿಗ್ಗೆ ನಾನು ಕೇಳದೆ ಬರೆದದ್ದು ಬಯಲಾಗುತ್ತಿತ್ತು. ಅಷ್ಟಕ್ಕೇ ಹೆದರಿ ಬಾಯಿ ಮುಚ್ಚಿಕೊಂಡೆ. ಉಳಿದ ಇಪ್ಪತ್ತೈದು ದಿನ ಏನೇನೋ ಬರೆದು ಹಾಕಿದೆ. ನಡುನಡುವೆ ಕೆಲವನ್ನು ಪೂರ್ತಿ ಕೇಳಿದೆ ಕೂಡ, ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಒಂದೆರಡು ಹಿಡಿಸಿದವು.

ನಲವತ್ತೆಂಟನೇ ದಿನ ಹಂಪಿಯ ಆ ಗೆಸ್ಟ್ ಹೌಸಿನ ಮಾಳಿಗೆಯ ಮೇಲೆ ಮಧ್ಯಾಹ್ನದ ಊಟ ಇಟ್ಟುಕೊಂಡರು. ಕೆಳಗೆ ಬಾಳೆತೋಟ, ಮೇಲೆ ತಗಡಿನ ಶೆಡ್ಡು. ಎಲ್ಲರಿಗೂ ಒಂದೇ ಅಳತೆಯ ಕರಿ ಟೀ ಶರ್ಟ್ ಹಂಚಿದರು. ಲಾರಿ ಮಾಲೀಕನ ಹೊಟ್ಟೆಯ ಮೇಲೆ ಆ ಹಾಡುಗಾರನ ಮುಖ ಗಾಳಿ ತುಂಬಿದ ಬಲೂನಿನ ಹಾಗೆ ಉಬ್ಬಿತು. ನಾನು ಸೀರೆಯ ಮೇಲೆ ಹಾಕಿಕೊಳ್ಳುವುದಿಲ್ಲ ಎಂದು ಮಡಿಚಿ ಬದಿಗಿಟ್ಟೆ.

ಅಣ್ಣ ಭಾಷಣ ಮಾಡಿದ. "ನಲವತ್ತೆಂಟು ದಿನ ನಾವು ಕೇಳೋದು ಕಲ್ತ್ವಿ," ಅಂದ. ಆ ಮಾತಿಗೆ ನನಗೆ ಸಿಟ್ಟು ಬಂತು. ಫೋನು ತೆಗೆದು ಅವರ ಸ್ಪೀಕರಿಗೇ ಸೇರಿಸಿ ಹಾಡು ಹಚ್ಚಿದೆ.

"ಇದು ಯಾವ ದಿನದ್ದು, ಹೇಳ್ರಿ," ಅಂದೆ.

ಒಂದು, ಎರಡು, ಮೂರು. ಕಿರ್ರ್. ಗಿಟಾರು. ಎಲ್ಲರೂ ಕಣ್ಣು ಮುಚ್ಚಿ ತಲೆ ಆಡಿಸತೊಡಗಿದರು.

"ಲಾಸ್ಟ್ ಆಲ್ಬಮ್ಮು," ಅಂದ ಗೆಸ್ಟ್ ಹೌಸಿನವನು.

"ಇದು ಅವಂದ ಅಲ್ಲ ಬಿಡ್ರಿ," ಅಂದ ಲಾರಿ ಮಾಲೀಕ.

ಡಾಕ್ಟರು ಮೇಜಿನ ಕೆಳಗೆ ಫೋನು ಹಿಡಿದು ಏನೋ ಹುಡುಕುತ್ತಿದ್ದ. ಅಣ್ಣ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. ಎದ್ದು ಬಂದು ನನ್ನ ರಟ್ಟೆ ಹಿಡಿದು ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದ.

"ಗೊತ್ತೈತಿ ನನಗ," ಅಂದ ಮೆಲ್ಲಗೆ. "ಒಂಬತ್ತು. ಇಪ್ಪತ್ಮೂರಕ್ಕೂ ಅದ ಹೋಗಿತ್ತು. ಅವ ಹೇಳಿದ್ ಮ್ಯಾಲೆ ಕೇಳಿ ನೋಡ್ದೆ."

"ಗೊತ್ತಿದ್ದೂ ಅವನ್ನ ತಗದಿ?"

"ಮತ್ತೇನ್ ಮಾಡ್ಲಿ? ಅಷ್ಟರಾಗ ಎಲ್ರೂ ಬರದಿದ್ರು. ನಾ ಎಂಟು ಸಾಲು ಬರದಿದ್ದೆ. ನೀನೂ ಬರದಿದ್ದಿ. ತಪ್ಪಾತು ಅಂದಿದ್ರ ಹತ್ತು ಮಂದಿ ಮರ್ಯಾದಿ ಹೋಗತಿತ್ತು. ಒಬ್ಬಂದು ಹೋದ್ರ ಏನಾತು?"

ಅಲ್ಲಿಯವರೆಗೆ ನನ್ನ ಅಣ್ಣ ಬರೀ ಜಂಬಗಾರ ಅಂದುಕೊಂಡಿದ್ದೆ. ಜಂಬವನ್ನು ನಕ್ಕು ಬಿಡಬಹುದು. ಇದು ಅದಲ್ಲ. ನನ್ನ ರಟ್ಟೆ ಬಿಡಿಸಿಕೊಂಡು ಮೇಲೆ ಹೋದೆ. ಹಾಡು ಇನ್ನೂ ನಡೆದಿತ್ತು. ಅದನ್ನು ನಿಲ್ಲಿಸಿ ಜೋರಾಗಿ ಹೇಳಿದೆ:

"ಇದು ಒಂಬತ್ತನೇ ದಿನದ್ದು. ಇಪ್ಪತ್ಮೂರನೇ ದಿನಾನೂ ಇದ ಬಂದಿತ್ತು. ಚೋರನೂರಿನಾವ ಹೇಳಿದ್ದು ಖರೇ ಇತ್ತು. ಅವತ್ತು ನಿಮ್ಮಾಗ ಒಬ್ರೂ ಕೇಳಿಲ್ಲ. ನಾನೂ ಕೇಳಿಲ್ಲ."

ಯಾರಾದರೂ ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದೆ. ಯಾರೂ ತಗ್ಗಿಸಲಿಲ್ಲ. ಗೆಸ್ಟ್ ಹೌಸಿನವನು, "ಹೋಗ್ಲಿ ಬಿಡ್ರಿ ಅಕ್ಕಾರ, ಊಟ ಆರತೈತಿ," ಅಂದ. ಲಾರಿ ಮಾಲೀಕ ಎಲೆಯ ಮುಂದೆ ಕೂರುತ್ತಾ, "ಅದು ಎರಡು ಸಲ ಬಂದಿದ್ದು ಚಲೋನ ಆತು, ಮಸ್ತ್ ಆಲ್ಬಮ್ಮು," ಅಂದ. ಐದು ನಿಮಿಷದ ಹಿಂದೆ ಅದು ಅವನದಲ್ಲ ಅಂದಿದ್ದ ಬಾಯಿ ಅದು. ಡಾಕ್ಟರು ಹಪ್ಪಳ ಮುರಿಯುತ್ತಿದ್ದ. ಮುಂದಿನ ಚಾಲೆಂಜಿಗೆ ಯಾವ ಹಾಡುಗಾರನನ್ನು ಹಿಡಿಯೋಣ ಅನ್ನುವ ಮಾತು ಆಗಲೇ ಶುರುವಾಗಿತ್ತು. ನಾನು ಉಣ್ಣದೆ ಇಳಿದು ಬಂದು ಆಟೋ ಹತ್ತಿದೆ. ದಾರಿಯಲ್ಲೇ ಗ್ರೂಪು ಬಿಟ್ಟೆ.

ಮುಂದಿನ ಭಾನುವಾರ ಚೋರನೂರಿಗೆ ಹೋದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಈಗಾಗಲೇ ಬಹಳ ಸಂಗತಿಗಳನ್ನು ಹಾಗೆ ಸುಲಭದಲ್ಲಿ ಮುಗಿಸಿದ್ದೆ. ಸಂಡೂರಿನಲ್ಲಿ ಬಸ್ಸು ಬದಲಿಸಿದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಕರೆಂಟು ಹೋಗಿತ್ತು. ಜೋಳದ ಡಬ್ಬಿ, ಪುಟ್ಟಿ ಸಾಲಾಗಿ ಇಟ್ಟುಕೊಂಡು ನಾಲ್ಕು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅವನು ಒಳಗೆ ಚೀಲದ ಮೇಲೆ ಕೂತು ಕಿವಿಗೆ ಇಯರ್ ಫೋನ್ ಹಾಕಿಕೊಂಡಿದ್ದ. ಹುಬ್ಬಿನ ತನಕ ಹಿಟ್ಟು. ನಾನು ಯಾರೆಂದು ಹೇಳಿದ ಮೇಲೆ ಎದ್ದು ನಿಂತ.

"ಬರ್ರಿ ಅಕ್ಕಾರ, ಕುಂದ್ರಿ."

ನಡೆದದ್ದೆಲ್ಲ ಹೇಳಿದೆ. ಅವನ ಮೆಸೇಜಿಗೆ ನಾನು ಯಾಕೆ ಉತ್ತರ ಕೊಡಲಿಲ್ಲ ಅನ್ನುವುದನ್ನೂ ಹೇಳಿದೆ. ಪರವಾಗಿಲ್ಲ ಅನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ಅವತ್ತು ನೀವೊಬ್ರು ಹೂಂ ಅಂದಿದ್ರ ಸಾಕಿತ್ರಿ," ಅಂದ. ಇಯರ್ ಫೋನ್ ಸುತ್ತಿ ಜೇಬಿಗೆ ಹಾಕುತ್ತಾ ಕೇಳಿದ, "ನಲವತ್ತೆಂಟರಾಗ ನೀವು ಪೂರಾ ಕೇಳಿದ್ದು ಎಷ್ಟು?"

"ಹನ್ನೊಂದು."

"ಅಷ್ಟಾದ್ರೂ ಕೇಳೀರಲ್ಲ."

ಅದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತಾಯಿತು. ಉಳಿದ ಆಲ್ಬಮ್‌ಗಳನ್ನು ಅವನು ತಾನೇ ಹುಡುಕಿ, ದಿನಕ್ಕೊಂದರಂತೆ ಕರೆಂಟು ಹೋದಾಗಲೆಲ್ಲ ಕೇಳಿ ಮುಗಿಸಿದ್ದನಂತೆ. ಇಪ್ಪತ್ಮೂರನೇ ದಿನ ಬರಬೇಕಿದ್ದ ಆ ಆಲ್ಬಮನ್ನೂ ಕೇಳಿದ್ದ.

"ಹೆಂಗಿತ್ತು ಅದು?" ಎಂದು ಕೇಳಿದೆ.

"ಭಾಳ ಕೆಟ್ಟದು ಅಕ್ಕಾರ," ಅಂದ. "ಆ ಮನಷ್ಯ ಜೀವಮಾನದಾಗ ಅಷ್ಟು ಕೆಟ್ಟದ್ದು ಇನ್ನೊಂದು ಮಾಡಿಲ್ಲ. ನಿಮ್ಮಣ್ಣಾರು ತಪ್ಪಿ ಉಪಕಾರ ಮಾಡ್ಯಾರ."

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕರೆಂಟು ಬಂತು. ಕಟ್ಟೆಯ ಮೇಲಿನ ಹೆಂಗಸರು, "ಜಲ್ದಿ ಹಾಕಪಾ, ರೊಟ್ಟಿ ಮಾಡಬೇಕು," ಎಂದು ಎದ್ದರು. ಅವನು ಸ್ವಿಚ್ಚು ಒತ್ತಿದ. ಬೆಲ್ಟು ತಿರುಗಿತು. ಅವನು ನನ್ನ ಕಡೆ ನೋಡಿ ಏನೋ ಅಂದ, ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಏನು ಅಂತ ಕೈಸನ್ನೆ ಮಾಡಿದೆ. ಅವನು ಬೇಡ ಬಿಡ್ರಿ ಅನ್ನುವಂತೆ ತಲೆಯಾಡಿಸಿ ಮೊದಲನೇ ಪುಟ್ಟಿ ಎತ್ತಿಕೊಂಡ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.