ಕೌದಿ ಅಕ್ಕನನ್ನು ಎಳೆದು ತಂದ ಮಧ್ಯಾಹ್ನ

ಕಳೆದ ವರ್ಷ ಬನ್ನಿ ಹಬ್ಬದ ಮರುದಿನ, ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ನಮ್ಮ ಮನೆಯ ಕಂಪ್ಯೂಟರ್ ಹಠ ಹಿಡಿಯಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ದುಂಡಸಿಯಿಂದ ಶಿಗ್ಗಾಂವಕ್ಕೆ ಹೋಗುವ ಮೂರರ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದ ಹೊತ್ತಿಗೇ ಅಕ್ಕ ಗುಂಡಿ ಒತ್ತಿದಳು. ಈಗಲೂ ಆ ಹಾರ್ನ್ ಕೇಳಿದರೆ ನಾನು ಅಕ್ಕನ ಕಡೆ ತಿರುಗಿ ನೋಡುತ್ತೇನೆ.

ನಾನು ಬಿ.ಕಾಂ. ಮುಗಿಸಿ ಶಿಗ್ಗಾಂವದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಬ್ಬದ ಸೂಟಿಯಲ್ಲಿ ಮನೆಯಲ್ಲಿದ್ದೆ. ಅಕ್ಕ ಗಿರಿಜಾ ಮನೆಯಲ್ಲೇ ಕೂತು ಲಗ್ನಪತ್ರಿಕೆಗಳನ್ನು ಟೈಪು ಮಾಡಿ, ಅಂಚಿಗೆ ಹೂಬಳ್ಳಿ ಕೂಡಿಸಿ, ಸವಣೂರಿನ ಮೆಹಬೂಬನ ಪ್ರೆಸ್ಸಿಗೆ ಕಳಿಸುತ್ತಾಳೆ. ಅವಳೂ ಅವನೂ ಒಂದೇ ಕಡೆ ಕಂಪ್ಯೂಟರ್ ಕಲಿತವರು. ಅಂದು ಪಕ್ಕದ ಮನೆಯ ಹುಡುಗಿಯ ಲಗ್ನಪತ್ರಿಕೆ ಸಂಜೆಯೊಳಗೆ ಅವನಿಗೆ ತಲುಪಬೇಕಿತ್ತು. ಅಪ್ಪ ಬನ್ನಿ ಕೊಡಲು ಅಬಲೂರಿನ ಅತ್ತೆಯ ಮನೆಗೆ ಹೋಗಿದ್ದರು. ಮನೆಯಲ್ಲಿದ್ದವರು ಅವ್ವ, ಅಕ್ಕ, ನಾನು.

ಆ ಕಂಪ್ಯೂಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಕಬ್ಬಿಣದ ಡಬ್ಬಿ ಮುಟ್ಟಿದರೆ ಮೊದಲಿನಿಂದಲೂ ಬೆರಳಿಗೆ ಜುಮ್ ಎನ್ನುತ್ತಿತ್ತು. ಇರುವೆ ಹರಿದಂತೆ, ಅಷ್ಟೇ. ಅದಕ್ಕೆ ನಮ್ಮ ಮನೆಯವರು ಕಂಡುಕೊಂಡ ಉಪಾಯವೆಂದರೆ ಕಾಲ ಕೆಳಗೆ ಒಂದು ಗೋಣಿತಟ್ಟು. ತಟ್ಟಿನ ಮೇಲೆ ಕಾಲಿಟ್ಟರೆ ಜುಮ್ ಎನ್ನುವುದಿಲ್ಲ. ಜುಮ್ ಎನ್ನದಿದ್ದರೆ ಎಲ್ಲ ಸರಿ ಇದ್ದಂತೆ. ವರ್ಷಗಟ್ಟಲೆ ಹಾಗೇ ನಡೆದಿತ್ತು.

ಖಂಡೇಪೂಜೆಯ ದಿನ ಅವ್ವ ಕುಡಗೋಲು, ಈಳಿಗೆ, ಹೊಲಿಗೆ ಮಷೀನುಗಳ ಸಾಲಿಗೆ ಕಂಪ್ಯೂಟರನ್ನೂ ಸೇರಿಸಿದ್ದಳು. ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಡಬ್ಬಿಯ ನೆತ್ತಿಯ ಮೇಲೆ ಎಲೆ ಇಟ್ಟು ನೀರು ತುಂಬಿದ ಹಿತ್ತಾಳೆಯ ತಂಬಿಗೆ ಕೂರಿಸಿದ್ದಳು. ಬನ್ನಿ ಮುಡಿಯುವ ತನಕ ಯಾವ ಆಯುಧವನ್ನೂ ಕದಲಿಸುವಂತಿಲ್ಲ ಎಂಬುದು ನಮ್ಮ ಮನೆಯ ಪದ್ಧತಿ. ಹಾಗಾಗಿ ತಂಬಿಗೆ ಅಲ್ಲೇ ಕೂತಿತ್ತು. ಬನ್ನಿಯ ಮರುದಿನ ಬೆಳಿಗ್ಗೆ ಅದನ್ನು ಇಳಿಸುವಾಗ ತುಸು ತುಳುಕಿತು. ಅವ್ವ ಸೆರಗಿನಿಂದ ಒರೆಸಿದಳು. ಹೂವಿನ ಅಡಿಯಲ್ಲಿ ಜಾಳಿಗೆಯಂಥ ತೂತುಗಳಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಆಮೇಲೆ ಗೋಣಿತಟ್ಟು ಹೊಲಸಾಗಿದೆಯೆಂದು ಒಗೆದು ಹಿತ್ತಲ ಕಲ್ಲಿನ ಮೇಲೆ ಹರವಿದಳು.

ಮೂರು ಗಂಟೆಗೆ ಗುಂಡಿ ಒತ್ತಿದಾಗ ಒಳಗೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಒಂದು ಉದ್ದನೆಯ ಬೀಪ್. ಆರಿತು. ತಾನೇ ಮತ್ತೆ ಹೊತ್ತಿಕೊಂಡಿತು. ಬಿಳಿ ಅಕ್ಷರಗಳು ಕ್ಷಣ ಹೊತ್ತು ಕಾಣಿಸಿ ಮತ್ತೆ ಕತ್ತಲಾಯಿತು. ಅಕ್ಕ ಮೆಹಬೂಬನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಗಿರಿಜಕ್ಕಾ, ಹಬ್ಬದಾಗ ಮಷೀನಿಗೆ ಹೋಳಿಗಿ ಜಾಸ್ತಿ ತಿನಿಸೀರೇನ್ರಿ? ಅಜೀರ್ಣ ಆಗೈತಿ ನೋಡ್ರಿ," ಅವನು ನಕ್ಕ.

"ನಗಬ್ಯಾಡೋ ಮಾರಾಯಾ. ಲಗ್ನಪತ್ರಿಕಿ ಪೂರಾ ಇದರಾಗ ಐತಿ. ಮದುವಿ ಹುಡುಗಿ ದಿನಾ ಎರಡು ಸಲ ಬಂದು ಕೇಳಿ ಹೋಗಾಕತ್ತಾಳ."

"ಹಂಗಾದ್ರ ಸೇಫ್ ಮೋಡ್‌ನಾಗ ಚಾಲೂ ಆಗತೈತೇನ ನೋಡ್ರಿ. ಹಚ್ಚಿದ ಕೂಡ್ಲೇ ಎಫ್ ಎಂಟು ಒತ್ತಕೋತ ಕುಂದರ್ರಿ."

ಅಕ್ಕ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒತ್ತುತ್ತಲೇ ಇದ್ದಳು. ಏನೂ ಆಗಲಿಲ್ಲ. ಸೇಫ್ ಮೋಡಿನ ತನಕ ಹೋಗುವ ತ್ರಾಣವೇ ಅದಕ್ಕಿರಲಿಲ್ಲ.

"ಒಳಗ ರ‍್ಯಾಮ್ ಪಟ್ಟಿಗೆ ಧೂಳ ಕುಂತಿರಬೇಕು. ಸ್ವಿಚ್ ಆರಿಸಿ, ಅದನ್ನ ತಗದು, ರಬ್ಬರ್‌ಲೆ ತಿಕ್ಕಿ ಹಾಕ್ರಿ."

ಸ್ವಿಚ್ ಆರಿಸಿದವಳು ನಾನು. ಕೆಂಪು ದೀಪ ಆರಿದ್ದನ್ನು ಕಣ್ಣಾರೆ ನೋಡಿದೆ. ಅಕ್ಕ ಕುರ್ಚಿಯಿಂದ ಇಳಿಯದೆಯೇ ಬಾಗಿ ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದಳು. ಬೆರಳುದ್ದದ ಹಸಿರು ಪಟ್ಟಿಯನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ತಿಕ್ಕತೊಡಗಿದಳು. ಮನೆಯಲ್ಲಿ ಇನ್ನೂ ಲೋಬಾನದ ವಾಸನೆ ಇತ್ತು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳಿನ ಕಣಗಳು ನಿಧಾನ ತೇಲುತ್ತಿದ್ದವು. ಅವ್ವ ನಮ್ಮ ಹಿಂದೆಯೇ ಹಬ್ಬದ ಕುಂಕುಮ, ಹೂವು ಗುಡಿಸಿ, ಒದ್ದೆ ಅರಿವೆಯಿಂದ ನೆಲ ಒರೆಸಿ ಹೋದಳು. ನಂತರ ಮಾಳಿಗೆಯ ಮೇಲೆ ಒಣಗಿದ್ದ, ಹಳೆ ಸೀರೆ ಹೊಲಿದು ಮಾಡಿದ ಕೌದಿಗಳನ್ನು ತಂದು ಅಲ್ಲೇ ಮಡಚುತ್ತ ಕೂತಳು. ಅಷ್ಟು ಸಮಾಧಾನದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಕನಸಿನಲ್ಲಿ ಬರುವಾಗಲೂ ಆ ಮಧ್ಯಾಹ್ನ ಮೊದಲು ಹಾಗೇ ಬರುತ್ತದೆ, ಬಂಗಾರದ ಬಣ್ಣದಲ್ಲಿ.

ಪಟ್ಟಿ ಹಾಕಿ ಹಚ್ಚಿದಾಗ ಪರದೆಯ ಮೇಲೆ ನೀಲಿ ಬೆಳಕು ಮೂಡಿತು. "ಬಂತು, ಬಂತು!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು. ಹಾಗೇ ಆರಿಹೋಯಿತು.

"ಪಟ್ಟಿ ಪೂರಾ ಕುಂತಿಲ್ಲ ಕಾಣಸ್ತೈತಿ," ಎಂದಳು. ನಾನು ಮತ್ತೆ ಸ್ವಿಚ್ ಆರಿಸಿದೆ. ಈ ಸಲ ಬೆಳಕು ಸಾಲದೆಂದು ಅವಳು ಕುರ್ಚಿ ಸರಿಸಿ, ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ಮಂಡಿಯೂರಿ ಕೂತಳು. ಎಡಗೈಯಿಂದ ಡಬ್ಬಿಯ ಅಂಚು ಹಿಡಿದಳು.

ಅಕ್ಕನ ಬಳೆಗಳು ಕಬ್ಬಿಣಕ್ಕೆ ತಾಗಿ ಟಿಣಿಟಿಣಿ ಎನ್ನತೊಡಗಿದವು. ಮೊದಲು ಅವಳು ನಗುತ್ತಿದ್ದಾಳೆ ಎಂದುಕೊಂಡೆ. ಭುಜ ಅಲುಗುತ್ತಿತ್ತು. ಬಾಯಿ ತೆರೆದಿತ್ತು, ಧ್ವನಿ ಇರಲಿಲ್ಲ. ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ಬಹಳ ದೂರದಿಂದ, ಕೆರೆಯ ಆಚೆ ದಡದಿಂದ ನೋಡುವಂತೆ. ಧೂಳಿನ ಕಣಗಳು ಹಾಗೇ ತೇಲುತ್ತಿದ್ದವು.

"ಅಕ್ಕಾ?" ಎಂದು ಅವಳ ಹೆಗಲಿಗೆ ಕೈ ಚಾಚಿದೆ.

"ಮುಟ್ಟಬ್ಯಾಡ!"

ಅವ್ವನ ಅಂಥ ಧ್ವನಿಯನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಕೈ ಗೇಣು ದೂರದಲ್ಲಿ ನಿಂತಿತು. ಅವ್ವ ಮಡಚುತ್ತಿದ್ದ ಕೌದಿಯನ್ನೇ ಹಿಡಿದು ಓಡಿ ಬಂದವಳು, ಅದನ್ನು ಅಕ್ಕನ ಸೊಂಟದ ಸುತ್ತ ಬೀಸಿ, ಎರಡೂ ತುದಿ ಕೂಡಿಸಿ ಹಿಂದಕ್ಕೆ ಜಗ್ಗಿದಳು. ಒಮ್ಮೆ ಜಗ್ಗಿದಾಗ ಅಕ್ಕ ಕದಲಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ಕೌದಿ ಪರ್ರನೆ ಹರಿದ ಸದ್ದಾಯಿತು, ಇಬ್ಬರೂ ಹಿಂದಕ್ಕೆ ಉರುಳಿದರು.

"ಏನಾತ್ರಿ? ಅಕ್ಕಾ? ಯಾರರೆ ಮಾತಾಡ್ರಿ! ಮೇನ್ ತಗೀರಿ, ಮೊದಲ ಮೇನ್ ತಗೀರಿ!" ಕಟ್ಟೆಯ ಮೇಲಿನ ಫೋನು ಕೂಗುತ್ತಿತ್ತು. ನಾನು ಓಡಿಹೋಗಿ ಮೇನ್ ಸ್ವಿಚ್ ಎಳೆದೆ.

ಅಕ್ಕ ಅವ್ವನ ತೊಡೆಯ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದಳು. ಅವ್ವ ಅವಳ ಕೆನ್ನೆ ತಟ್ಟುತ್ತ, "ನಮ್ಮವ್ವಾ, ಏಳ, ಏಳ ನಮ್ಮವ್ವಾ," ಎನ್ನುತ್ತಿದ್ದಳು. ಆಮೇಲೆ ಅಕ್ಕ ಒಂದು ಉದ್ದನೆಯ ಉಸಿರೆಳೆದಳು. ನೀರಿನಲ್ಲಿ ಮುಳುಗಿ ಮೇಲೆ ಬಂದವರು ಎಳೆಯುವಂಥ ಉಸಿರು.

"ಲಗ್ನಪತ್ರಿಕಿ..." ಎಂದಳು.

"ನಿನ್ನ ಲಗ್ನಪತ್ರಿಕಿಗೆ ಬೆಂಕಿ ಬೀಳಲಿ," ಎಂದು ಅವ್ವ ಅಳತೊಡಗಿದಳು.

ಓಣಿಯವರ ಟಂಟಂ ಆಟೋದಲ್ಲಿ ಶಿಗ್ಗಾಂವದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳು ಏನೂ ಆಗಿಲ್ಲವೆಂಬಂತೆ ತೂಗುತ್ತಿದ್ದವು. ಡಾಕ್ಟರು ಎದೆಯ ಪರೀಕ್ಷೆ ಮಾಡಿ, ಅಂಗೈಯ ಸುಟ್ಟ ಗಾಯಕ್ಕೆ ಮದ್ದು ಹಚ್ಚಿ, ಸಂಜೆಯ ತನಕ ಮಲಗಿಸಿಕೊಂಡರು. "ನೆಲ ಹಸಿ ಇತ್ತು ಅಂತೀರಿ, ಆದ್ರೂ ಉಳದಾಳ. ನಸೀಬ ಛಲೋ ಇತ್ತು ನಿಮ್ದು," ಎಂದರು. ನಾವು ಮನೆಗೆ ಬರುವಷ್ಟರಲ್ಲಿ ಮೆಹಬೂಬ ಸವಣೂರಿನಿಂದ ಬೈಕಿನಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಬರುವಾಗ ಒಂದು ಪೊಟ್ಟಣ ಕರಿದ ಖಾರಾ ತಂದಿದ್ದ. ಯಾಕೆ ತಂದನೋ ಅವನಿಗೇ ಗೊತ್ತಿರಲಿಲ್ಲ. ಅಕ್ಕನನ್ನು ನೋಡಿ ತಲೆ ಕೆಳಗೆ ಹಾಕಿದ. "ನನಗ ಬಳಿ ಸಪ್ಪಳ ಕೇಳಿಸಿತ್ರಿ. ಆಟಾ ಆಡಾಕತ್ತೀರಿ ಅಂತ ತಿಳಕೊಂಡೆ," ಎಂದ.

ಎರಡು ದಿನ ಬಿಟ್ಟು ವೈರಿಂಗ್ ಮಾಡುವವನನ್ನು ಕರೆಸಿದೆವು. ಸ್ವಿಚ್ಚಿನೊಳಗೆ ತಂತಿಗಳು ಅದಲು ಬದಲಾಗಿದ್ದವು. ಆರಿಸಿದರೂ ಕರೆಂಟು ಕಂಪ್ಯೂಟರಿನ ತನಕ ಬಂದು ನಿಂತೇ ಇರುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂಬುದು ಮನೆಗೆ ಹೆಸರಿಗೆ ಮಾತ್ರ ಇತ್ತು. ಜುಮ್ ಎನ್ನುತ್ತಿದ್ದದ್ದು ಅದಕ್ಕೇ. ಮೆಹಬೂಬ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ಕುಂಕುಮದ ಕೆಂಪು ಕಲೆ, ಅದರ ಮೇಲೆ ಅಂಟಿಕೊಂಡ ಒಂದು ಚೆಂಡುಹೂವಿನ ಎಸಳು ಕಂಡವು. ತಂಬಿಗೆಯ ನೀರು ಅಲ್ಲಿ ಇಳಿದು, ಕಬ್ಬಿಣದ ಡಬ್ಬಿಗೆ ಪೂರ್ತಿ ಕರೆಂಟು ಹರಿಸಿತ್ತು.

ಅವ್ವ ಆ ಎಸಳನ್ನು ನೋಡಿ ಒಳಗೆ ಹೋದಳು. ಅಂದಿನಿಂದ ಹರಿದ ಕೌದಿಯನ್ನು ಹೊಲಿಯಲೆಂದು ದಿನವೂ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು, ಸೂಜಿಗೆ ದಾರ ಪೋಣಿಸಿ ಹಾಗೇ ಕೂತುಬಿಡುತ್ತಿದ್ದಳು. ನಮ್ಮ ನಿದ್ದೆಯೂ ಹಾಳಾಗಿತ್ತು. ಕಣ್ಣು ಹತ್ತಿದರೆ ನನಗೆ ಬಳೆಯ ಸದ್ದು. ಎದ್ದು ಅಕ್ಕನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಅವಳೂ ಎಚ್ಚರವೇ ಇರುತ್ತಿದ್ದಳು. "ಇದ್ದೇನಿ, ಮಲಕೋ," ಎನ್ನುತ್ತಿದ್ದಳು. ಆಚೆ ಅವ್ವನ ಹಾಸಿಗೆಯಲ್ಲೂ ಹೊರಳಾಟ ಕೇಳಿಸುತ್ತಿತ್ತು.

ದೀಪಾವಳಿ ಕಳೆಯಿತು. ಅಷ್ಟರಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲಿ, ಉಪ್ಪು ತುಂಬಿ ಹೊಸ ಅರ್ಥಿಂಗ್ ಹಾಕಿಸಿದೆವು. ಆ ಗುಂಡಿ ಒಣಗಬಾರದೆಂದು ವೈರಿಂಗಿನವನು ಹೇಳಿದ್ದೇ ತಡ, ಅವ್ವ ದಿನವೂ ತುಳಸಿಗೆ ಹಾಕಿದ ಮೇಲೆ ಅದಕ್ಕೂ ಒಂದು ತಂಬಿಗೆ ನೀರು ಹಾಕತೊಡಗಿದಳು. ಒಂದು ದಿನ ಮಧ್ಯಾಹ್ನ ಮೆಹಬೂಬ ಹೊಸ ಪೆಟ್ಟಿಗೆ ಕೂರಿಸಿ, ಟೆಸ್ಟರ್ ಹಚ್ಚಿ ಡಬ್ಬಿಯ ಮೂಲೆ ಮೂಲೆ ಮುಟ್ಟಿ ತೋರಿಸಿದ. ಟೆಸ್ಟರಿನ ದೀಪ ಹತ್ತಲಿಲ್ಲ.

"ಹಚ್ಚಲ್ರಿ ಅಕ್ಕಾ?"

ಅಕ್ಕ ಅವ್ವನನ್ನು ಕರೆದಳು. "ಯವ್ವಾ, ಕುಂಕುಮ ತಗೊಂಡ ಬಾ."

ಅವ್ವ ಬಾಗಿಲಲ್ಲೇ ನಿಂತಳು. "ನಾ ಇನ್ನ ಅದನ್ನ ಮುಟ್ಟಂಗಿಲ್ಲ. ನಾ ನೀರ ಇಟ್ಟದ್ದಕ್ಕ..."

"ನೀ ನೀರ ಇಟ್ಟದ್ದ ನನಗ ನೆನಪಿಲ್ಲ. ನೀ ಜಗ್ಗಿದ್ದು ನೆನಪೈತಿ. ಬಾ."

ಅವ್ವ ಒಣ ಬೆರಳಿನಿಂದ ಒಂದು ಬೊಟ್ಟು ಇಟ್ಟಳು. ಕಂಪ್ಯೂಟರ್ ಒಂದೇ ಸಲಕ್ಕೆ ಹತ್ತಿತು. ನೀಲಿ ಬೆಳಕು, ಆಮೇಲೆ ಅಕ್ಕ ಹುಡುಕಿ ತೆರೆದ ಹೂಬಳ್ಳಿಯ ಅಂಚಿನ ಆ ಲಗ್ನಪತ್ರಿಕೆ. ಆ ಹುಡುಗಿಯ ಪತ್ರಿಕೆಯನ್ನು ಮೆಹಬೂಬ ಯಾವತ್ತೋ ತಾನೇ ಹೊಸದಾಗಿ ಮಾಡಿ ಅಚ್ಚು ಹಾಕಿ ಕೊಟ್ಟಿದ್ದ. ಆದರೂ ನಾವು ನಾಲ್ವರು ಅದನ್ನು ಬಹಳ ಹೊತ್ತು ನೋಡುತ್ತ ನಿಂತೆವು.

ಆ ಸಂಜೆ ಅವ್ವ ಕೌದಿ ಹೊಲಿದಳು. ಕರೆಂಟು ಹಿಡಿದ ದಿನ ಅಕ್ಕ ಹೊದ್ದಿದ್ದ ಹಳದಿ ದುಪಟ್ಟಾದ ತುಂಡನ್ನೇ ಹರಿದಲ್ಲಿಗೆ ತೇಪೆ ಹಚ್ಚಿದಳು. ಊಟವಾದ ಮೇಲೆ ನಮ್ಮಿಬ್ಬರಿಗೂ ಅದನ್ನೇ ಹೊದಿಸಿ ತಾನೂ ಪಕ್ಕದಲ್ಲೇ ಒರಗಿದಳು. ಜುಮ್ ಎಂದ ಮೊದಲ ದಿನವೇ ಯಾಕೆ ಹಾಗೆಂದು ಯಾರನ್ನಾದರೂ ಕೇಳಬೇಕಿತ್ತು ಎಂದು ಯೋಚಿಸುತ್ತ ನಾನು ಅಕ್ಕನ ಮೂಗಿನ ಕಡೆ ಕೈ ಚಾಚಿದ್ದು ನೆನಪಿದೆ. ಕೈ ಅಲ್ಲಿಗೆ ತಲುಪಿತೋ ಇಲ್ಲವೋ ನೆನಪಿಲ್ಲ.

ಕಣ್ಣು ಬಿಟ್ಟಾಗ ಹಳದಿ ತೇಪೆಯ ಮೇಲೆ ಬಿಸಿಲು ಬಿದ್ದಿತ್ತು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಅದರ ಹಾರ್ನ್ ಮೂವರಲ್ಲಿ ಯಾರಿಗೂ ಕೇಳಿಸಿರಲಿಲ್ಲ.