ವಿಚಾರಣೆಯಲ್ಲಿ ಹಾಕಿದ ಕರ್ಚೀಫ್

ನಮ್ಮೂರು ಏಪೆಕ್ಸ್‌ನಿಂದ ಅಕ್ಕನ ಜೊತೆ ವಾಷಿಂಗ್ಟನ್‌ಗೆ ಹೊರಟಾಗಲೇ ನನ್ನ ಚಿಂತೆಗಳೂ ಕಾರು ಹತ್ತಿದ್ದವು: ಟೈರು ಪಂಕ್ಚರ್ ಆದರೆ? ಸೆಕ್ಯೂರಿಟಿಯವರು ಅಕ್ಕನ ಕೋಡುಬಳೆ ಕಿತ್ತುಕೊಂಡರೆ? ವಿದೇಶಾಂಗ ಸಮಿತಿಯ ವಿಚಾರಣೆಯೇ ರದ್ದಾದರೆ? ಸಂಸದೆಯೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಮೇಘಾ, ಯುರೋಪ್ ನೀತಿಯ ಬಗ್ಗೆ ಬರೆದುಕೊಟ್ಟ ಮೊದಲ ಪ್ರಶ್ನೆಯನ್ನು ಆ ಸಂಸದೆ ಅಲ್ಲಿ ಕೇಳದೇ ಹೋದರೆ?

ವಿಚಾರಣೆಯ ಕೋಣೆ ಸೇರುವವರೆಗೆ ಯಾವುದೂ ಆಗಲಿಲ್ಲ. ಅಕ್ಕ ರೆಸ್ಟ್‌ರೂಮಿಗೆ ಹೋದಾಗ, ಮೈಸೂರು ಬಸ್ಸಿನ ಅಭ್ಯಾಸದಂತೆ ಅವಳ ಕುರ್ಚಿಗೆ ಕರ್ಚೀಫ್ ಹಾಕಿದೆ. ಬಿಳಿಗೂದಲಿನ ಅಮೆರಿಕನ್ ಅಜ್ಜ ಒಬ್ಬರು ಅದನ್ನೆತ್ತಿ, ನೀಟಾಗಿ ಮಡಿಸಿ, "ನಿಮ್ಮದು ಬಿದ್ದಿತ್ತು" ಅಂತ ನನಗೇ ಕೊಟ್ಟು ಅಲ್ಲೇ ಕೂತರು. ಬೇರೆ ಕುರ್ಚಿ ಖಾಲಿ ಇರಲಿಲ್ಲ; ನನ್ನ ಸೀಟು ಅಕ್ಕನಿಗೆ ಬಿಟ್ಟು, ಮುಚ್ಚಿದ ಬಾಗಿಲಾಚೆ ನಿಂತೆ.

ಅಕ್ಕ ಅಳುತ್ತಾ ಹೊರಬಂದಳು. "ಮೇಘಾಳ ಪ್ರಶ್ನೆ ಸಂಸದೆ ಕೇಳಲೇ ಇಲ್ವಾ?" ಅಂದೆ.

"ಕೇಳಿದ್ರು ಕಣೋ, ಒಂದಕ್ಷರಾನೂ ಬಿಡದೆ! ಎದುರು ಕೂತಿದ್ದ ಸರ್ಕಾರಿ ಅಧಿಕಾರಿ ಉತ್ತರ ಕೊಡೋಕೆ ಮುಂಚೆ ನೀರು ಕುಡಿದ್ರು. ನೀನೊಬ್ಬ ಕೇಳಿಸ್ಕೊಳ್ಳಲಿಲ್ಲ. ಆ ಕರ್ಚೀಫ್ ಕೊಡು ಇಲ್ಲಿ."